ಒಡೆದ ವಾಟಿಯ ಫಲಿತಾಂಶ

ನಮ್ಮ ಮನೆಯ ಕನ್ನಡದಲ್ಲಿ ಮೊಣಕಾಲಿನ ಚಿಪ್ಪಿಗೆ ವಾಟಿ ಎನ್ನುತ್ತಾರೆ. ಪಲ್ಯ ಹಾಕಿಕೊಳ್ಳುವ ಬಟ್ಟಲಿಗೂ ವಾಟಿ ಎಂದೇ ಅನ್ನುತ್ತಾರೆ. ಎರಡರಲ್ಲಿ ಯಾವುದು ಒಡೆಯಿತು ಎಂಬುದನ್ನು ಕೇಳುವವರೇ ಅಂದಾಜು ಮಾಡಿಕೊಳ್ಳಬೇಕು. ನಾವಿರುವ ಹೈದರಾಬಾದಿನಲ್ಲಿ ಹಿಂದಿ ಆಡುವವರು ಮೊಣಕಾಲಿನ ಚಿಪ್ಪಿಗೆ ಕಟೋರಿ ಅನ್ನುತ್ತಾರೆ, ತೆಲುಗಿನವರು ಚಿಪ್ಪ ಅನ್ನುತ್ತಾರೆ. ಮೂರು ಭಾಷೆಯಲ್ಲೂ ಅದು ಪಾತ್ರೆಯೇ. ಹೀಗಾಗಿ, ನಾಲ್ಕು ವರ್ಷದ ಹಿಂದೆ ಒಂದು ಡಿಸೆಂಬರ್ ಶನಿವಾರ ಬಾಲಾನಗರದ ಚೌರಸ್ತೆಯಲ್ಲಿ ನಾನು ಬಸ್ಸಿನಿಂದ ಬಿದ್ದು ಬಲಗಾಲಿನ ವಾಟಿ ಒಡೆದುಕೊಂಡಾಗ, ಅದು ನಮ್ಮ ಬಂಧುಬಳಗದಲ್ಲಿ ಮೊದಲು ಅಡುಗೆಮನೆಯ ಸುದ್ದಿಯಾಗಿ ಹರಡಿತು.

ಬಿದ್ದದ್ದರಲ್ಲಿ ವಿಶೇಷವೇನೂ ಇಲ್ಲ. ಬಸ್ಸು ನಿಂತಿತೆಂದು ನಾನು ತಿಳಿದೆ, ನಾನು ಇಳಿದೆನೆಂದು ಬಸ್ಸು ತಿಳಿಯಿತು. ಇಬ್ಬರದೂ ತಪ್ಪು ಅಂದಾಜು. ನನ್ನ ಎರಡೂ ಕೈಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಅದನ್ನು ಬಿಟ್ಟಿದ್ದರೆ ಕೈ ಊರಬಹುದಿತ್ತು. ನಾನು ಬಿಡಲಿಲ್ಲ, ಮೊಣಕಾಲು ಊರಿದೆ. ಉತ್ತರಪತ್ರಿಕೆಗಳಿಗೆ ಒಂದು ಗೀರೂ ಬೀಳಲಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಫೇಲಾಗಬೇಕಾದವು ಎಂಬುದನ್ನು ಆಮೇಲೆ ಮಂಚದ ಮೇಲೆ ಕೂತು ತಿದ್ದುವಾಗ ಕಂಡುಕೊಂಡೆ.

ಆಗ ನಾನು ಉಪ್ಪಲ್‌ನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ವಾರವಿಡೀ ಅಲ್ಲಿಯ ಮಹಿಳಾ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದೆ. ಹಾಸ್ಟೆಲಿನ ಆ ಕೋಣೆ ಒಂದು ಮಂಚ, ಒಂದು ಮೇಜು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಆ ಚಿಲಕಕ್ಕಾಗಿ ನಾನು ಅಪ್ಪನ ಮುಂದೆ ಎರಡು ವರ್ಷ ವಾದ ಮಾಡಿದ್ದೆ. ಅಪ್ಪ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್. ಬಾಯಿಮಾತಿನ ವಾದ ಅವರ ಕಿವಿಗೆ ಬೀಳುವುದಿಲ್ಲ. ಕೊನೆಗೆ ಬಾಲಾನಗರದಿಂದ ಉಪ್ಪಲ್‌ಗೆ ದಿನವೂ ಹೋಗಿಬರಲು ತಗಲುವ ಸಮಯವನ್ನು ಒಂದು ತಿಂಗಳು ಬರೆದಿಟ್ಟು, ಸರಾಸರಿ ತೆಗೆದು, ಸಹಿ ಹಾಕಿ ಕೊಟ್ಟಮೇಲೆ ಒಪ್ಪಿದ್ದರು. ಒಂದು ವಾಟಿ ಒಡೆದದ್ದೇ ತಡ, ಕೋಣೆ ಹೋಯಿತು. ಪ್ರಿನ್ಸಿಪಾಲರು ಜೂನ್‌ನಲ್ಲಿ ಕಾಲೇಜು ತೆರೆಯುವವರೆಗೆ ನನ್ನ ಜಾಗ ಕಾಯ್ದಿರಿಸುವುದಾಗಿ ಹೇಳಿದರು. ಅಷ್ಟರೊಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದು ಅನಿವಾರ್ಯ ಎಂದರು. ಅಂದಿನಿಂದ ನನ್ನ ಮೊಣಕಾಲಿನ ಗುರಿ ಒಂದೇ ಆಯಿತು: ಜೂನ್.

ಆಪರೇಷನ್ನಿನಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ನನಗೆ ಎಲ್ಲವೂ ಕೇಳುತ್ತಿತ್ತು. ಮೂರು ತುಂಡಾದ ಚಿಪ್ಪನ್ನು ಜೋಡಿಸಿ, ಎರಡು ಸಣ್ಣ ಸಲಾಕೆ ತೂರಿಸಿ, ಅವಕ್ಕೆ ಎಂಟರ ಅಂಕಿಯ ಆಕಾರದಲ್ಲಿ ತಂತಿ ಸುತ್ತಿ ಬಿಗಿದರು. ಬಿಗಿಯುವಷ್ಟು ಹೊತ್ತೂ ದೊಡ್ಡ ಡಾಕ್ಟರು ಮಿಯಾಪುರದ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬಗ್ಗೆ ಮಾತಾಡುತ್ತಿದ್ದರು. ಅಲ್ಲಿ ಕಟ್ಟುತ್ತಿರುವ ಪಿಲ್ಲರುಗಳಲ್ಲಿ ಕಬ್ಬಿಣ ಸಾಲದು ಎಂಬುದು ಅವರ ಅಭಿಪ್ರಾಯ. ನನ್ನ ಕಾಲಿನಲ್ಲಿ ಸಾಕಷ್ಟಿದೆಯೇ ಎಂದು ಕೇಳಬೇಕೆನಿಸಿತು, ಸಂಕೋಚವಾಯಿತು.

ಅದೇ ದಿನ ಅವ್ವ ಎಸ್‌ಟಿಡಿ ಬೂತಿಗೆ ಹೋಗಿ ಗುಲ್ಬರ್ಗಾದಲ್ಲಿದ್ದ ನನ್ನ ಸೋದರತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಫೋನು ಮಾಡಿದ್ದಳು. ವಾಟಿ ಒಡೆದು ಮೂರು ತುಕಡಿಯಾಗಿದೆ ಎಂದು ಹೇಳಿ ಅತ್ತಳು. ಅತ್ತೆ ಹೋಗಲಿ ಬಿಡು ಎಂದು ಸಮಾಧಾನ ಮಾಡಿ, ಗಾಜಿನದೋ ಪಿಂಗಾಣಿಯದೋ ಎಂದು ಕೇಳಿದರಂತೆ. ಅವ್ವ ಬಿಕ್ಕುತ್ತಿದ್ದರಿಂದ ಪ್ರಶ್ನೆ ಕೇಳಿಸಲಿಲ್ಲ, ಹೂಂ ಎಂದಳು. ಹತ್ತು ದಿನದ ಮೇಲೆ ಅತ್ತೆ ಕೈಯಲ್ಲಿ ಒಂದು ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತರು.

"ಸ್ಟೀಲಿನವು ತಂದೀನಿ, ಆರು ಅದಾವು," ಎಂದರು ಚಪ್ಪಲಿ ಬಿಡುವ ಮೊದಲೇ. "ಇವು ಒಡಿಯೂದಿಲ್ಲ."

ಆಮೇಲೆ ಮಂಚದ ಮೇಲೆ ತೊಡೆಯಿಂದ ಹಿಮ್ಮಡಿಯವರೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ನನ್ನನ್ನು ನೋಡಿದರು. ಚೀಲ ಕೆಳಗಿಟ್ಟರು.

"ಇದೇನು ಆ ವಾಟಿ?"

ಅವ್ವ ತಲೆಯಾಡಿಸಿದಳು.

"ಹಂಗಾರ ಕಾಲು ಅನ್ನಬಾರದೇನಬೇ ಫೋನಿನ್ಯಾಗ? ದಾರಿ ತುಂಬ ನಿನ್ನ ಬೈಕೋತ ಬಂದೀನಿ, ಒಂದು ವಾಟಿಗೆ ಇಷ್ಟು ಅಳತಾಳ, ಎಂಥಾ ಜಿಪುಣಿ ಅಂತ."

ಅತ್ತೆ ಎರಡು ದಿನಕ್ಕೆಂದು ಬಂದವರು ಆರು ತಿಂಗಳು ಉಳಿದರು. ನನಗೆ ಬೇಕಾದದ್ದನ್ನು ಕೇಳುವ ಮೊದಲು ಕೊಡುತ್ತಿದ್ದರು, ಬೇಡವಾದದ್ದನ್ನು ಕೇಳದಿದ್ದರೂ ಬಿಡದೆ ಹೇಳುತ್ತಿದ್ದರು.

ಮೊಣಕಾಲು ಮಡಿಸುವುದನ್ನು ಹೊಸದಾಗಿ ಕಲಿಯುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮೊದಲು ಮಡಿಕೆ ಹಾಕಿದ ಟವೆಲನ್ನು ಮೊಣಕಾಲ ಕೆಳಗಿಟ್ಟು ಒತ್ತುವುದು. ಆಮೇಲೆ ಮಂಚದ ಅಂಚಿಗೆ ಕೂತು ಕಾಲು ಇಳಿಬಿಡುವುದು. ಅದು ಇಳಿಯುತ್ತಿರಲಿಲ್ಲ, ಗಾಳಿಯಲ್ಲಿ ಚಾಚಿಕೊಂಡು ನಿಲ್ಲುತ್ತಿತ್ತು. ಎದುರಿಗೆ ಬಂದವರಿಗೆಲ್ಲ ಒದೆಯಲು ಸಿದ್ಧವಾಗಿದ್ದೇನೆಂಬಂತೆ ಕಾಣುತ್ತಿತ್ತು. ಆ ದಿನಗಳಲ್ಲಿ ನೋಡಲು ಬಂದ ನೆಂಟರನ್ನು ನೆನೆದರೆ ಅದು ಸರಿಯಾದ ಭಂಗಿಯೇ. ಬಂದವರೆಲ್ಲ ಮೊದಲು ಹೊದಿಕೆ ಸರಿಸಿ ಮೊಣಕಾಲು ನೋಡುತ್ತಿದ್ದರು. ನನ್ನ ಒಪ್ಪಿಗೆ ಕೇಳಿದವರಿಲ್ಲ. ವಾಟಿಯನ್ನು ಬೆರಳಿನಿಂದ ಒತ್ತಿ, ತಂತಿಯ ತುದಿ ಚರ್ಮದ ಕೆಳಗೆ ಸಾಸಿವೆ ಕಾಳಿನಂತೆ ಸಿಕ್ಕರೆ, ಇಲ್ಲಿ ಐತಿ ನೋಡ್ರಿ ಎಂದು ಮುಂದಿನವರಿಗೆ ಜಾಗ ತೋರಿಸುತ್ತಿದ್ದರು. ಇಪ್ಪತ್ತಾರು ವರ್ಷ ನಾನು ಕಾಪಾಡಿಕೊಂಡು ಬಂದ ಖಾಸಗಿತನ ಒಂದು ವಾರದಲ್ಲಿ ಇಡೀ ಬಳಗದ ಆಸ್ತಿಯಾಯಿತು.

ಎಲ್ಲರೂ ಎಲ್ಲವನ್ನೂ ಕೇಳಿದರು, ಒಂದನ್ನು ಬಿಟ್ಟು. ಅದನ್ನು ನಾನೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಪಾಯಖಾನೆ ನೆಲಕ್ಕಿದ್ದದ್ದು, ಕುಕ್ಕರಗಾಲಿನಲ್ಲಿ ಕೂರಬೇಕಾದದ್ದು. ಉಪ್ಪಲ್‌ನ ಹಾಸ್ಟೆಲಿನಲ್ಲೂ ಹಾಗೆಯೇ. ತಂತಿ ಬಿಗಿಸಿಕೊಂಡ ಮೊಣಕಾಲು ಎಷ್ಟು ಚೆನ್ನಾಗಿ ಕೂಡಿಕೊಂಡರೂ ಅಷ್ಟು ಮಡಿಯುತ್ತದೆ ಎಂಬ ಭರವಸೆ ಇಲ್ಲ. ಈ ಸಂಗತಿ ಆಸ್ಪತ್ರೆಯ ಯಾವ ಕಾಗದದಲ್ಲೂ ಇರಲಿಲ್ಲ, ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಅಪ್ಪ ಮಾತ್ರ ಏನೋ ಮಾಡಬೇಕೆಂದು ಯೋಚಿಸಿ, ಕಚೇರಿ ಹರಾಜಿನಲ್ಲಿ ಎಂದೋ ಕೊಂಡಿದ್ದ ಗಟ್ಟಿ ಮರದ ಕುರ್ಚಿಯನ್ನು ಬಡಗಿಯ ಹತ್ತಿರ ಒಯ್ದರು. ಆ ಬಡಗಿ ಬಾಲಾನಗರದ ಕಾರ್ಖಾನೆಗಳಿಗೆ ಯಂತ್ರ ತುಂಬುವ ಪೆಟ್ಟಿಗೆ ಮಾಡುವವನು, ಅಳತೆ ಅಂದರೆ ಅಳತೆ. ಕುರ್ಚಿಯ ನಡುವೆ ತೂತು ಬೇಕು ಎಂದರೆ ಯಾತಕ್ಕೆ ಎಂದು ಕೇಳಿಯೇ ಕೇಳುತ್ತಾನೆ. ಅಪ್ಪನಿಗೆ ಮಗಳ ವಿಷಯ ಹೇಳಲು ಬಾಯಿ ಬರಲಿಲ್ಲ. ಹೂಜಿ ಇಡಲಿಕ್ಕೆ ಎಂದರು. ಅವನು ಹೂಜಿಯ ಅಳತೆ ಕೇಳಿದ. ಅಪ್ಪ ಮನೆಗೆ ಬಂದು, ಟೇಪು ಹಿಡಿದು ಹೂಜಿಯ ಸುತ್ತಳತೆ ತೆಗೆದುಕೊಂಡು ಹೋದರು. ಯಾವುದರ ಅಳತೆ ಬೇಕಿತ್ತೋ ಅದನ್ನು ಯಾರೂ ತೆಗೆಯಲಿಲ್ಲ. ಎರಡು ದಿನದ ಮೇಲೆ ಕುರ್ಚಿ ಬಂತು. ತೂತಿನ ಅಂಚನ್ನು ನುಣ್ಣಗೆ ಉಜ್ಜಿ ಪಾಲಿಶ್ ಹಾಕಿದ್ದ. ಹೂಜಿ ಅದರಲ್ಲಿ ಬಹಳ ಚೆನ್ನಾಗಿ ಕೂರುತ್ತಿತ್ತು. ನಾನು ಅದನ್ನು ಪಾಯಖಾನೆಯ ಗುಂಡಿಯ ಮೇಲೆ ಇಡಿಸಿಕೊಂಡು, ಎರಡೂ ಕೈಯಿಂದ ಅದರ ತೋಳು ಹಿಡಿದು, ಒಳಗೆ ಬೀಳದ ಹಾಗೆ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ. ಬಳಸಿ ತೊಳೆದಮೇಲೆ ಅತ್ತೆ ಅದನ್ನು ಹಿತ್ತಲ ಬಿಸಿಲಿಗೆ ಇಡುತ್ತಿದ್ದರು.

ಏಪ್ರಿಲ್‌ನಲ್ಲಿ, ಕೋಲು ಬಿಟ್ಟು ನಡೆಯತೊಡಗಿದ್ದೆ. ಕೋಲು ಬಿಟ್ಟ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಅವ್ವನಿಂದಾಗಲಿಲ್ಲ. ಬೀದರ ಕಡೆಯವರು, ಈಗ ಇಲ್ಲೇ ನೆಲೆಸಿದವರು, ಒಬ್ಬ ಹುಡುಗನ ತಂದೆತಾಯಿ ನೋಡಲು ಬಂದರು. ಹುಡುಗನಿಗೆ ರಜೆ ಸಿಕ್ಕಿರಲಿಲ್ಲವಂತೆ. ಆಪರೇಷನ್ನಿನ ಸುದ್ದಿ ಎತ್ತಕೂಡದು ಎಂದು ಅವ್ವ ಬೆಳಿಗ್ಗೆಯೇ ಎಲ್ಲರಿಗೂ ತಾಕೀತು ಮಾಡಿದ್ದಳು. ಅತ್ತೆಗೆ ಎರಡು ಸಲ.

ನಾನು ಚಹಾ ಕೊಟ್ಟೆ. ಹುಡುಗನ ತಾಯಿ ಕಪ್ಪು ಕೆಳಗಿಟ್ಟು, "ನಮಸ್ಕಾರ ಮಾಡವ್ವಾ," ಎಂದರು. ನಮ್ಮಲ್ಲಿ ನಮಸ್ಕಾರವೆಂದರೆ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಬೇಕು. ವಾಟಿಯ ಮೇಲೆ ಭಾರ ಹಾಕಿದರೆ ತಂತಿಯ ತುದಿ ಒಳಗಿನಿಂದ ಚುಚ್ಚುತ್ತಿತ್ತು. ನಾನು ನಿಂತಲ್ಲೇ ಕೈ ಮುಗಿದೆ. ಅವರು ಕಾದರು. ನಾನೂ ಕಾದೆ.

ಅವ್ವ ಸುಳ್ಳು ಹೇಳುವವಳಲ್ಲ, ದೇವರ ಭಯ ಇದೆ. ಅವಳು ನಿಜವನ್ನೇ ಹೇಳಿದಳು.

"ಡಿಸೆಂಬರದಾಗ ಒಂದು ವಾಟಿ ಒಡಕೊಂಡಾಳ್ರಿ. ಅವತ್ತಿಂದ ಬಗ್ಗಾಕ ಸ್ವಲ್ಪ ಅಂಜತಾಳ."

ಹುಡುಗನ ತಾಯಿ ಒಂದು ಕ್ಷಣ ಅವ್ವನನ್ನೇ ನೋಡಿದರು. "ಒಂದು ವಾಟಿಗೆ ಹಿಂಗ ಅಂಜಿಸೀರೇನ್ರಿ ಹುಡುಗೀನ?" ಎಂದರು. ಅವರ ಕಣ್ಣಿನಲ್ಲಿ ನಿಜವಾದ ಕನಿಕರವಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ ಹುಡುಗನ ತಂದೆ ಅಪ್ಪನನ್ನು ಕರೆದು, ಬಿಸಿಲಿನಲ್ಲಿದ್ದ ಕುರ್ಚಿ ಏನೆಂದು ಕೇಳಿದರು. ಅವರು ಇಂಜಿನಿಯರು. ಅಪ್ಪ ಹೂಜಿಯ ಉತ್ತರವನ್ನೇ ಕೊಟ್ಟರು. ಇಂಜಿನಿಯರರು ಬಗ್ಗಿ ನೋಡಿ ಬಹಳ ಮೆಚ್ಚಿದರು. ಕೆಳಗಿನಿಂದ ಗಾಳಿ ಆಡುವುದರಿಂದ ನೀರು ಹೆಚ್ಚು ತಣ್ಣಗಾಗುತ್ತದೆ ಎಂದು ಅಪ್ಪನಿಗೆ ವಿವರಿಸಿದರು. ಹೋಗುವಾಗ ಬಡಗಿಯ ವಿಳಾಸ ಬರೆದುಕೊಂಡು ಹೋದರು.

ವಾರದ ಮೇಲೆ ಅವರ ಕಡೆಯಿಂದ ಮಾತು ಬಂತು. ಹುಡುಗಿಗೆ ಓದಿದ ಸೊಕ್ಕು, ಹಿರಿಯರಿಗೆ ಬಗ್ಗುವುದಿಲ್ಲ. ಒಡೆದ ಕಾಲಿನ ಬಗ್ಗೆ ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ನನ್ನನ್ನು ನಾನಾಗಿರುವ ಕಾರಣಕ್ಕೇ ಬೇಡವೆಂದರಲ್ಲ ಎಂದು ನನಗೆ ಸ್ವಲ್ಪ ಸಂತೋಷವೇ ಆಯಿತು. ಅವರ ಮನೆಯಲ್ಲಿ ಈಗ ಕುಡಿಯುವ ನೀರು ಎಂಥ ಕುರ್ಚಿಯ ಮೇಲಿದೆ ಎಂಬುದನ್ನು ನೆನೆದಾಗ ಇನ್ನೂ ಸ್ವಲ್ಪ.

ಆದರೆ ಆ ಮಾತಿನಿಂದ ಅಪ್ಪ ಗಂಭೀರರಾದರು. ನಾನು ಜೂನ್‌ನಲ್ಲಿ ಉಪ್ಪಲ್‌ಗೆ ಹಿಂದಿರುಗುವ ವಿಷಯ ಎತ್ತಿದಾಗ ಕನ್ನಡಕ ತೆಗೆದಿಟ್ಟರು.

"ಪೂರಾ ಆರಾಮ ಆಗೈತಿ ಅಂತ ಡಾಕ್ಟರ್ ಬರದು ಕೊಡಲಿ. ಆಮ್ಯಾಲ ಹೋಗು. ಅಲ್ಲೀತನಕ ಹಾಸ್ಟೆಲ್ಲೂ ಇಲ್ಲ, ಕಾಲೇಜೂ ಇಲ್ಲ."

ಹೀಗೆ ನನ್ನ ಚಿಲಕ ಒಂದು ಕಾಗದಕ್ಕೆ ಬಂದು ನಿಂತಿತು.

ಆಸ್ಪತ್ರೆಯಲ್ಲಿ ನನ್ನ ಕಾಲನ್ನು ಪ್ರತಿ ತಿಂಗಳು ಅಳೆಯುತ್ತಿದ್ದವನು ತೆಲುಗು ಕರಾವಳಿಯ ಜಿಲ್ಲೆಯೊಂದರಿಂದ ಬಂದ ಒಬ್ಬ ಎಳೆಯ ಡಾಕ್ಟರು. ಇನ್ನೂ ಓದುತ್ತಿದ್ದ. ಒಡೆದ ಮೊಣಕಾಲ ಚಿಪ್ಪಿಗೆ ಆಪರೇಷನ್ ಮಾಡಿದರೆ ಫಲಿತಾಂಶ ಏನು ಎಂಬುದು ಅವನ ಪ್ರಬಂಧದ ವಿಷಯ. ನಾನು ಅದರಲ್ಲಿ ಒಂದು ಕೇಸು. ಶಾಲೆಯ ಕೋನಮಾಪಕಕ್ಕೆ ಎರಡು ತೋಳು ಜೋಡಿಸಿದಂಥ ಪ್ಲಾಸ್ಟಿಕ್ ಸಾಧನವನ್ನು ನನ್ನ ಮೊಣಕಾಲಿಗೆ ಹಿಡಿದು, ಕೋನ ಓದಿ, ಬರೆದುಕೊಳ್ಳುತ್ತಿದ್ದ. ನಾನು ಸಂಖ್ಯಾಶಾಸ್ತ್ರ ಕಲಿಸುವವಳೆಂದು ತಿಳಿದ ದಿನದಿಂದ ನಾನು ಕೇಸಿನಿಂದ ಮೇಡಂ ಆದೆ. ತನ್ನ ಕೋಷ್ಟಕಗಳನ್ನು ಒಮ್ಮೆ ನೋಡಿಕೊಡಬೇಕೆಂದು ಬೇಡಿಕೊಂಡ. ನೋಡಿದೆ. ಅವನ ಶೇಕಡಾವಾರುಗಳು ಕೂಡಿದರೆ ನೂರಾಗುತ್ತಿರಲಿಲ್ಲ. ತಿದ್ದಿಕೊಟ್ಟೆ.

ಜೂನ್ ಮೊದಲ ವಾರ ಆರನೆಯ ತಿಂಗಳ ಪರೀಕ್ಷೆ. ಅವನ ಕೈಯಲ್ಲಿ ಒಂದು ಫಾರ್ಮು. ಎಲ್ಲೋ ಹೊರದೇಶದಲ್ಲಿ ತಯಾರಾದದ್ದು, ಎಲ್ಲ ಕಡೆ ಬಳಸುತ್ತಾರಂತೆ. ಹಿಂದಿಯಲ್ಲಿ ಒಂದೊಂದಾಗಿ ಕೇಳಿದ. ನೋವಿದೆಯೇ. ಕೋಲು ಬೇಕೇ. ಊದುತ್ತದೆಯೇ. ಮೆಟ್ಟಿಲು ಹತ್ತಬಲ್ಲಿರಾ. ಕುರ್ಚಿಯಿಂದ ಏಳಬಲ್ಲಿರಾ. ಈ ಕೊನೆಯ ಪ್ರಶ್ನೆಗೆ ನನ್ನಷ್ಟು ಅನುಭವದಿಂದ ಉತ್ತರಿಸಬಲ್ಲ ಕೇಸು ಅವನಿಗೆ ಬೇರೆ ಸಿಕ್ಕಿರಲಾರದು. ಮೊದಲಿನ ಕೆಲಸಕ್ಕೆ ಹಿಂದಿರುಗಿದ್ದೀರಾ ಎಂಬುದಕ್ಕೆ ನಾನು ಇಲ್ಲ ಎಂದೆ. ಅವನು ತಡೆದು, ಕಲಿಸುವುದೇನು ಮಹಾ ಓಡಾಟದ ಕೆಲಸವಲ್ಲ, ಹೋಗಬಲ್ಲಿರಿ ಎಂದು ಹೇಳಿ ಪೂರ್ತಿ ಅಂಕ ಹಾಕಿದ. ಅವನು ಹೋಗಬಲ್ಲಳು ಎಂದು ಬರೆದರೆ ನಾನು ಹೋಗಬಹುದು. ನಾನು ಹೋಗಬಲ್ಲೆನಾದ್ದರಿಂದ ಅವನು ಹಾಗೆ ಬರೆದ. ಇಷ್ಟು ದುಂಡಗಿನ ತರ್ಕವನ್ನು ನನ್ನ ವಿದ್ಯಾರ್ಥಿನಿಯರೂ ಬರೆದದ್ದಿಲ್ಲ.

ಮೊಣಕಾಲು ಲಂಬಕೋನವನ್ನು ದಾಟಿ ಇನ್ನೂ ಸ್ವಲ್ಪ ಮಡಿಯುತ್ತಿತ್ತು, ಅಷ್ಟೇ. ಅಲ್ಲಿ ಮಾತ್ರ ಅಂಕ ಹೋಯಿತು. ಉಳಿದ ಎಲ್ಲದರಲ್ಲಿ ಬಂತು. ಅವನು ಕೂಡಿಸಿ, ಸಂತೋಷದಿಂದ ಫಾರ್ಮಿನ ಕೆಳಗೆ ಬರೆದ: ಎಕ್ಸಲೆಂಟ್.

ಆಗ ನಾನು ಕೇಳಿದೆ. ಮನೆಯಲ್ಲಿ ಆರು ತಿಂಗಳು ಯಾರ ಮುಂದೆಯೂ ಆಡದ ಮಾತನ್ನು ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಗಂಡಸಿನ ಮುಂದೆ, ಹಿಂದಿಯಲ್ಲಿ ಆಡಿದೆ. ಪರಭಾಷೆಯಲ್ಲಿ ನಾಚಿಕೆ ಸ್ವಲ್ಪ ಕಡಿಮೆ. ನೆಲದ ಪಾಯಖಾನೆಯಲ್ಲಿ ನನಗೆ ಕೂರಲಾಗುವುದಿಲ್ಲ, ಅದನ್ನು ಎಲ್ಲಿ ಬರೆಯುತ್ತೀರಿ ಎಂದೆ.

ಅವನ ಕಿವಿ ಕೆಂಪಾಯಿತು. ಫಾರ್ಮನ್ನು ತಿರುಗಿಸಿ ನೋಡಿದ. ಹಿಂದೆ ಖಾಲಿ ಇತ್ತು.

"ಉಸ್ ಕಾ ಕಾಲಂ ನಹೀ ಹೈ, ಮೇಡಂ," ಎಂದ.

ಅದಕ್ಕೆ ಕಾಲಂ ಇಲ್ಲ. ಆ ದೇಶದವರು ನೆಲದ ಮೇಲೆ ಕೂರುವುದಿಲ್ಲ, ಆದ್ದರಿಂದ ನಾವೂ ಕೂರುವುದಿಲ್ಲ. ಪದ್ಮಾಸನ, ಪಂಕ್ತಿಯ ಊಟ, ಕುಕ್ಕರಗಾಲು, ಹುಡುಗನ ತಾಯಿಗೆ ಮಾಡಬೇಕಿದ್ದ ನಮಸ್ಕಾರ, ಇವು ಯಾವುವೂ ಮೊಣಕಾಲಿನ ಕೆಲಸಗಳಲ್ಲ. ಅವನು ಪ್ರಾಮಾಣಿಕ ಹುಡುಗ. ಬೇಕಾದರೆ ಷರಾ ಎಂದು ಕೆಳಗೆ ಒಂದು ಸಾಲು ಬರೆಯುತ್ತೇನೆ, ಒಟ್ಟು ಅಂಕ ಬದಲಾಗುವುದಿಲ್ಲ, ಆದರೆ ಬರೆಯುತ್ತೇನೆ ಎಂದ. ಪೆನ್ನು ಎತ್ತಿ ನನ್ನ ಮುಖ ನೋಡಿದ.

ನಾನು ತರಗತಿಯಲ್ಲಿ ಪ್ರತಿ ವರ್ಷ ಮೊದಲ ದಿನ ಒಂದು ಮಾತು ಹೇಳುತ್ತೇನೆ. ನಮ್ಮ ತೀರ್ಮಾನಕ್ಕೆ ಹೊಂದದ ಸಂಗತಿಯನ್ನು ಬರೆಯದೆ ಬಿಡುವುದು ಕಳ್ಳತನ, ಅಂಕಿ ತಿದ್ದುವುದಕ್ಕಿಂತ ಕೀಳು. ಆ ಫಾರ್ಮಿನ ಒಂದು ಪ್ರತಿ ಅಪ್ಪನ ಕೈಗೆ ಹೋಗುವುದಿತ್ತು. ಅಪ್ಪ ಷರಾ ಮೊದಲು ಓದುವವರು, ಅದು ಅವರ ನೌಕರಿ. ಹೊರಗೆ ಬೆಂಚಿನ ಮೇಲೆ ಅತ್ತೆ ಕಾಯುತ್ತಿದ್ದರು. ಕಾಲೇಜು ತೆರೆಯಲು ಎಂಟು ದಿನ ಇತ್ತು.

ಬೇಡ ಎಂದೆ.

ಅವನು ಪೆನ್ನು ಮುಚ್ಚಿದ. ಅವನ ಪ್ರಬಂಧದಲ್ಲಿ ನಾನು ಇಂದಿಗೂ ಎಕ್ಸಲೆಂಟ್ ಸಾಲಿನಲ್ಲಿದ್ದೇನೆ. ಆ ಸಾಲಿನಲ್ಲಿ ನನ್ನ ಜೊತೆ ಇರುವ ಉಳಿದವರು ಮನೆಯಲ್ಲಿ ಏನು ಮಾಡುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಶೇಕಡಾವಾರು ಕೂಡಿದರೆ ಸರಿಯಾಗಿ ನೂರಾಗುತ್ತದೆ, ಅದಕ್ಕೆ ನಾನು ಹೊಣೆ.

ಅಪ್ಪ ಕಾಗದವನ್ನು ಎರಡು ಸಲ ಓದಿ, ತೂತು ಹಾಕಿ ಫೈಲಿಗೆ ಸೇರಿಸಿದರು. ಹೊರಡುವ ದಿನ ಆಟೋ ಬಂತು. ನನ್ನ ಪೆಟ್ಟಿಗೆ, ಪುಸ್ತಕದ ಚೀಲ ಇಟ್ಟಮೇಲೆ ನಾನು ಹಿತ್ತಲಿಗೆ ಹೋಗಿ ಕುರ್ಚಿ ಎತ್ತಿಕೊಂಡು ಬಂದೆ. ಅಪ್ಪ ಬಾಗಿಲಲ್ಲಿ ನಿಂತು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು.

"ಎಕ್ಸಲೆಂಟ್ ಅಂತ ಬರದಾರಲ್ಲ. ಮತ್ತ ಇದು ಯಾಕ?"

ನಾನು ಕುರ್ಚಿಯನ್ನು ಆಟೋದ ಕಡೆ ತಿರುಗಿಸಿದೆ. ಈ ಸಲ ಕನ್ನಡದಲ್ಲಿ ಹೇಳಬೇಕಿತ್ತು.

"ಎಕ್ಸಲೆಂಟ್ ಅವರ ಕಾಗದಕ್ಕ ತಮ್ಮಾ," ಎಂದರು ಅತ್ತೆ, ಕುರ್ಚಿಯ ಇನ್ನೊಂದು ಕಡೆ ಹಿಡಿಯುತ್ತ. "ಕುರ್ಚಿ ಇಕಿಗೆ. ಹೂಜಿ ಇಡಾಕ ಅಂತ ತಿಳಕೋ, ನೀನ ಹೇಳಿದ್ದಿಯಲ್ಲ."

ಅಪ್ಪ ದಾರಿ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಹಗ್ಗ ತಂದು, ಕುರ್ಚಿಯನ್ನು ಆಟೋದ ಹಿಂದೆ ತಾವೇ ಕಟ್ಟಿದರು. ಗಂಟು ಮೂರು ಸಲ ಎಳೆದು ನೋಡಿದರು. ಅತ್ತೆ ಸ್ಟೀಲಿನ ಒಂದು ವಾಟಿಯನ್ನು ನನ್ನ ಚೀಲಕ್ಕೆ ತುರುಕಿದರು, ಇದು ಒಡಿಯೂದಿಲ್ಲ ಎಂದು ಇನ್ನೊಮ್ಮೆ ಹೇಳಿ.

ಬಾಲಾನಗರದಿಂದ ಸಿಕಂದರಾಬಾದು, ತಾರ್ನಾಕ ದಾಟಿ ಉಪ್ಪಲ್‌ವರೆಗೆ, ನಡುಮಧ್ಯಾಹ್ನ, ನನ್ನ ಕುರ್ಚಿ ತಲೆಕೆಳಗಾಗಿ ಇಡೀ ರಾಜಧಾನಿಗೆ ತನ್ನ ತೂತು ತೋರಿಸುತ್ತ ಬಂತು. ನಾನು ಮುಂದೆ ನೋಡುತ್ತ ಕೂತಿದ್ದೆ.

ಹಾಸ್ಟೆಲಿನ ವಾರ್ಡನ್ ತೆಲುಗಿನ ಹೆಂಗಸು, ನಿಯಮದವರು. ಹೊರಗಿನ ಸಾಮಾನು ಒಳಗೆ ಬಂದರೆ ರಿಜಿಸ್ಟರಿನಲ್ಲಿ ಬರೆಯಬೇಕು. ಕುರ್ಚಿಯನ್ನು ಸುತ್ತಿ ನೋಡಿ, ಏನನ್ನೂ ಕೇಳದೆ, ಮುರಿದ ಕುರ್ಚಿ ಒಂದು ಎಂದು ಬರೆದುಕೊಂಡರು. ಮುರಿದ ಕಾಲು ಎಕ್ಸಲೆಂಟ್, ಗಟ್ಟಿ ಕುರ್ಚಿ ಮುರಿದದ್ದು. ನಾನು ಸಹಿ ಹಾಕಿದೆ.

ನಮ್ಮ ಮಹಡಿಯ ಕೊನೆಯ ಪಾಯಖಾನೆಯಲ್ಲಿ ಕುರ್ಚಿ ಇಟ್ಟೆ. ಮೊದಲ ವಾರ ಎಲ್ಲ ಸರಿಯಿತ್ತು. ಎರಡನೆಯ ವಾರದಿಂದ, ನಾನು ಬೆಳಿಗ್ಗೆ ಹೋಗುವ ಹೊತ್ತಿಗೆ ಕುರ್ಚಿ ಆಗಲೇ ಒದ್ದೆಯಾಗಿರುತ್ತಿತ್ತು. ಮೂರನೆಯ ವಾರ ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಉಳಿದ ನಾಲ್ಕು ಪಾಯಖಾನೆಗಳು ಖಾಲಿ. ಆ ಹಾಸ್ಟೆಲಿನಲ್ಲಿ ನನ್ನ ಹೊರತು ಯಾರ ವಾಟಿಯೂ ಒಡೆದಿರಲಿಲ್ಲ, ಯಾರಿಗೂ ಮೊಣಕಾಲು ನೋವೆಂದು ನಾನು ಕೇಳಿರಲಿಲ್ಲ. ಕುರ್ಚಿಯ ವಿಷಯವನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ನಾನೇ ಮೊದಲು ಹೋಗಬೇಕೆಂದು ಐದಕ್ಕೇ ಎದ್ದು ಒಳಗೆ ಸೇರಿದೆ. ಎರಡು ನಿಮಿಷವೂ ಆಗಿರಲಿಲ್ಲ, ಹೊರಗೆ ಚಪ್ಪಲಿಯ ಸದ್ದು ಬಂದು ನಿಂತಿತು. ಆಮೇಲೆ ಬಾಗಿಲಿನ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದು.

"ಅಯಿಪೋಯಿಂದಾ ಮೇಡಂ?" ಆಯಿತೇ ಎಂದು ವಾರ್ಡನ್ ಕೇಳುತ್ತಿದ್ದರು.

ಇನ್ನೂ ಇಲ್ಲ ಎಂದು ಹೇಳಿ ನಾನು ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿಕೊಂಡೆ.